ಬಾಗಿಲಿನ ಚಿತ್ರ

ಕಾರ್ಗಲ್
18 ಜೂನ್ 2024

ಪ್ರೀತಿಯ ಅಕ್ಕ,

ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ನಿನಗೆ ಅನ್ನಿಸಬಹುದು. ನಾನು ಫೋನನ್ನು ಕಿವಿಗಿಟ್ಟರೆ ಸಾಕು, ಸಚಿನ್ ಬಂದು ಕಿತ್ತುಕೊಳ್ಳುತ್ತಾನೆ. ಏಳು ವರ್ಷವಾದರೂ ಮಾತು ಬಂದಿಲ್ಲ ನಿಜ, ಆದರೆ ತನ್ನ ಹೆಸರು ಕಿವಿಗೆ ಬಿದ್ದರೆ ಅವನ ಕತ್ತು ಗಟ್ಟಿಯಾಗುತ್ತದೆ. ಅವನ ಎದುರಿಗೇ ಅವನ ಸುದ್ದಿ ಆಡುವುದು ನನಗೆ ಈಚೆಗೆ ಆಗುತ್ತಿಲ್ಲ. ಅದೂ ಅಲ್ಲದೆ ಈ ಕ್ವಾರ್ಟರ್ಸ್‌ನ ಎರಡು ಕೋಣೆಯಲ್ಲಿ ನಮ್ಮ ಅತ್ತೆಯ ಕಿವಿಗೆ ಬೀಳದ ಮಾತಿಲ್ಲ.

ಸಾಗರದಲ್ಲಿ ಅವನಿಗೆ ಮಾತು ಕಲಿಸುವ ಮೇಡಂ ಒಂದು ವಿಷಯ ಹೇಳಿದರು. ಬೆಂಗಳೂರಿನ ಯಾವುದೋ ಸಂಶೋಧನಾ ಸಂಸ್ಥೆಯವರು ಸಾಗರದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದಾರಂತೆ. ಆಟಿಸಂ ಇರುವ ಮಕ್ಕಳನ್ನೂ ಅವರ ಮನೆಯವರನ್ನೂ ಅಧ್ಯಯನ ಮಾಡುತ್ತಾರಂತೆ. ತಾವಾಗಿ ಒಪ್ಪಿ ಬಂದವರನ್ನು ಮಾತ್ರ. ಮಗುವಿನ ಜೊತೆ ಆಟವಾಡುತ್ತಾರೆ, ತಲೆಗೆ ಬಲೆಯಂಥ ಟೋಪಿ ಹಾಕಿ ಮೆದುಳಿನ ಅಲೆ ನೋಡುತ್ತಾರೆ, ವಂಶವಾಹಿ ಪರೀಕ್ಷೆಗೆಂದು ಅಪ್ಪ ಅಮ್ಮ ಮಗು ಮೂವರ ಎಂಜಲನ್ನೂ ತೆಗೆದುಕೊಳ್ಳುತ್ತಾರೆ. ಸೂಜಿ ಚುಚ್ಚುವುದಿಲ್ಲ. ಹೋಲಿಕೆಗೆ ಅದೇ ಬಳಗದ ಇನ್ನೊಂದು ಮಗು ಬಂದರೆ ಒಳ್ಳೆಯದಂತೆ. ಇವನಿಗೆ ಒಡಹುಟ್ಟಿದವರಿಲ್ಲ. ನಿನ್ನ ರಕ್ಷಾ ಇವನಿಗಿಂತ ಒಂದೇ ವರ್ಷ ದೊಡ್ಡವಳು.

ಕೇಳಲು ಸಂಕೋಚ. ಅವಳ ಹುಟ್ಟುಹಬ್ಬದ ದಿನ, ಕೇಕ್ ಕತ್ತರಿಸುವವರೆಗೆ ಇವನನ್ನು ಒಳಕೋಣೆಯಲ್ಲಿ ಕೂರಿಸು ಎಂದು ನೀನು ಹೇಳಿದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಅದನ್ನು ಈಗ ಎತ್ತುವುದಿಲ್ಲ.

ನನಗೆ ಇದು ಯಾಕೆ ಬೇಕು ಎಂದರೆ, ಅತ್ತೆ ಎರಡನೆಯ ಮಗುವಿನ ಮಾತು ಬಿಡುತ್ತಿಲ್ಲ. "ನಾಳೆ ನಾವೆಲ್ಲ ಹೋದ್ಮೇಲೆ ಇವ್ನ ನೋಡ್ಕಳಕ್ಕೆ ಒಬ್ರು ಬ್ಯಾಡ್ವೇನೇ?" ಎನ್ನುತ್ತಾರೆ. ಇವರು ಪವರ್ ಹೌಸ್‌ನಿಂದ ಬಂದವರು ಅಮ್ಮನ ಮಾತು ಮುಗಿಯುವವರೆಗೂ ಬೂಟಿನ ಲಾಡಿ ಬಿಚ್ಚುತ್ತಲೇ ಇರುತ್ತಾರೆ. ಅದೂ ಇವನ ಹಾಗೆಯೇ ಆದರೆ? ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಕೊನೆಯವರೆಗೆ ಹೇಳುವುದಿಲ್ಲ. ಆ ಎಂಜಲಿನಲ್ಲಿ ಉತ್ತರ ಸಿಗಬಹುದು ಎಂದು ನನ್ನ ಆಸೆ. ಅಲ್ಲಿಂದ ಉತ್ತರ ಬರುವವರೆಗೆ ಎರಡನೆಯದರ ಮಾತು ಬೇಡ ಎಂದು ಅತ್ತೆಗೆ ಹೇಳಿಬಿಟ್ಟಿದ್ದೇನೆ. ಅವರೂ ಒಪ್ಪಿದ್ದಾರೆ. ಈಗ ಇಬ್ಬರೂ ಕಾಯುತ್ತಿದ್ದೇವೆ.

ಬರುತ್ತೀಯಾ?

ನಿನ್ನ ತಂಗಿ,
ಸುಷ್ಮಾ


ತೀರ್ಥಹಳ್ಳಿ
3 ಜುಲೈ 2024

ಸುಷ್ಮಾ,

ನಿನ್ನ ಕೈಬರಹ ನೋಡಿ ಎಷ್ಟು ಕಾಲವಾಗಿತ್ತು. ಈಗಲೂ 'ಳ' ಬರೆಯುವಾಗ ಬಾಲ ಉದ್ದ ಎಳೆಯುತ್ತೀಯ.

ರಕ್ಷಾಳಿಗೆ ಶಾಲೆಯಲ್ಲಿ ಕಿರುಪರೀಕ್ಷೆ ನಡೆಯುತ್ತಿದೆ. ನನಗೆ ಕಾಲೇಜಿನಲ್ಲಿ ದಾಖಲಾತಿ ಮುಗಿದಿಲ್ಲ. ನಿನ್ನ ಭಾವ ಬೇಡ ಎನ್ನಲಿಲ್ಲ, ಆದರೆ "ಹೆಣ್ಣುಹುಡುಗಿ ಹೆಸ್ರು ಅಂಥ ಕಡೆ ಬರೆಸ್ಬೇಕಾ?" ಎಂದರು. ಹೆಸರಿಗೆ ಬದಲು ಸಂಖ್ಯೆ ಇರುತ್ತದೆ ಎಂದು ಎಲ್ಲೋ ಓದಿದ ನೆನಪು, ಹಾಗೆಂದೆ. ಅವರು ಪೇಪರಿಗೆ ಮರಳಿದರು.

ಒಂದು ಕೇಳಲಾ? ಎರಡನೆಯದರ ಉತ್ತರ ಅವರು ಕೊಡುತ್ತಾರೆಂದು ನಿನಗೆ ಹೇಳಿದವರು ಯಾರು? ಆ ಮೇಡಂ ಹೇಳಿದರೋ, ನೀನೇ ಅಂದುಕೊಂಡೆಯೋ? ಮೊದಲು ಹೋಗಿ ಪೂರ್ತಿ ಕೇಳಿಕೊಂಡು ಬಾ. ಎಂತೆಂಥ ಆಟ ಆಡಿಸುತ್ತಾರೆ ಎಂದೂ ತಿಳಿದುಕೊಂಡು ಬರೆ. ಆಮೇಲೆ ನೋಡೋಣ.

ಹುಟ್ಟುಹಬ್ಬದ ಮಾತು ಎತ್ತುವುದಿಲ್ಲ ಎಂದು ಬರೆದು ಎತ್ತಿದ್ದೀಯ. ಇರಲಿ.

ಅಕ್ಕ


ಕಾರ್ಗಲ್
22 ಜುಲೈ 2024

ಪ್ರೀತಿಯ ಅಕ್ಕ,

ಹೋಗಿ ಬಂದೆವು. ಹೋಗುವಾಗ ಇದ್ದ ತಿಳಿವಳಿಕೆಯೂ ಈಗ ಉಳಿದಿಲ್ಲ.

ಗಣೇಶಮೂರ್ತಿ ಎಂಬ ಡಾಕ್ಟರು ಮಾತಾಡಿದರು. ನಲವತ್ತರ ಆಸುಪಾಸು, ಹೆಬ್ಬೆರಳು ಕಾಣುವಷ್ಟು ಹರಿದ ಕಾಲುಚೀಲ. ಹಾಳೆಗಳನ್ನು ಎದುರಿಗಿಟ್ಟು ಒಂದೊಂದೇ ಓದಿ ಹೇಳಿದರು. ಇವರು ಸಚಿನ್‌ನನ್ನು ಅಂಗಳದಲ್ಲಿ ಓಡಾಡಿಸುತ್ತಿದ್ದಾಗ ನಾನು ನನ್ನ ಪ್ರಶ್ನೆ ಕೇಳಿದೆ.

"ಇಲ್ಲ ಮೇಡಂ. ಅದನ್ನ ನಾವು ಹೇಳಕ್ಕಾಗಲ್ಲ. ನೂರಾರು ಮನೆಗಳದ್ದು ಒಟ್ಟಿಗೆ ಇಟ್ಕೊಂಡು ನೋಡ್ತೀವಿ. ನಿಮ್ಮ ಮನೇದು ಇಂಥದ್ದು ಅಂತ ಬೇರೆ ವರದಿ ಕೊಡಲ್ಲ. ಇದು ಚಿಕಿತ್ಸೆನೂ ಅಲ್ಲ. ಸಚಿನ್‌ಗೆ ಇದ್ರಿಂದ ನೇರವಾಗಿ ಏನೂ ಉಪಯೋಗ ಆಗದೆ ಇರಬಹುದು."

"ಮತ್ತೆ ಯಾರಿಗೆ ಉಪಯೋಗ?"

"ಮುಂದೆ ಬರೋ ಮಕ್ಕಳಿಗೆ ಆಗಬಹುದು. ಅದೂ ಖಾತ್ರಿ ಇಲ್ಲ."

ಎರಡನೆಯ ಮಗುವಿನ ಪ್ರಶ್ನೆಗೆ ವಂಶವಾಹಿ ಸಲಹೆ ಕೊಡುವ ಡಾಕ್ಟರು ಬೇರೆ ಇದ್ದಾರಂತೆ, ಶಿವಮೊಗ್ಗಕ್ಕೆ ತಿಂಗಳಿಗೊಮ್ಮೆ ಬರುತ್ತಾರಂತೆ. ಚೀಟಿ ಬರೆದುಕೊಟ್ಟರು. ಅವರೂ ಹೌದು ಅಲ್ಲ ಎನ್ನುವುದಿಲ್ಲ, ಸಾಧ್ಯತೆ ಎಷ್ಟು ಎಂದಷ್ಟೇ ಹೇಳಿಯಾರು ಎಂದರು. ಸಾಧ್ಯತೆಯನ್ನು ಮನೆಗೆ ತಂದು ಅತ್ತೆಯ ಮುಂದೆ ಹೇಗೆ ಇಡಲಿ?

ಇವರು ಒಳಗೆ ಬಂದ ಮೇಲೆ ಡಾಕ್ಟರು ಎಲ್ಲವನ್ನೂ ಮೊದಲಿಂದ ಓದಿದರು. ಇವತ್ತೇ ಸಹಿ ಹಾಕಬೇಕೆಂದಿಲ್ಲವಂತೆ. ಹಾಕಿದ ಮೇಲೂ ಯಾವಾಗ ಬೇಕಾದರೂ, ಕಾರಣ ಹೇಳದೆ, ಬಿಟ್ಟು ಹೋಗಬಹುದಂತೆ. ಬಿಟ್ಟರೆಂದು ಮಾತು ಕಲಿಸುವುದು ನಿಲ್ಲುವುದಿಲ್ಲವಂತೆ. ಕಾರಣ ಹೇಳದೆ ಬಿಟ್ಟು ಹೋಗಬಹುದು ಎಂಬ ಮಾತನ್ನು ಮದುವೆಯಾದ ಮೇಲೆ ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ, ಅಕ್ಕ.

ಇವರು ನನ್ನ ಮುಖ ನೋಡಿದರು. "ಹಾಕೋದಲ್ವಾ?" ಎಂದರು. ಇಬ್ಬರೂ ಹಾಕಿದೆವು. ಯಾಕೆ ಹಾಕಿದೆ ಎಂದು ನೀನು ಕೇಳುತ್ತೀಯ ಎಂದು ಗೊತ್ತು. ನನಗೆ ಬೇಕಾದದ್ದು ಅಲ್ಲಿ ಇಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಬರಿಗೈಯಲ್ಲಿ ಎದ್ದು ಬರಲು ನನಗೆ ಆಗಲಿಲ್ಲ. ಅಷ್ಟೇ ಇರಬಹುದು.

ಬಸ್ಸಿನಲ್ಲಿ ಇವರು "ಅಮ್ಮಂಗೆ ಈಗ್ಲೇ ಹೇಳೋದ್ ಬ್ಯಾಡ" ಎಂದರು. ಅತ್ತೆ ಬಾಗಿಲಲ್ಲೇ ಕೇಳಿದರು, "ಎಂತ ಅಂದ್ರು?" ಸಮಯ ಹಿಡಿಯುತ್ತದೆ ಎಂದೆ.

ರಕ್ಷಾ ಬಂದರೆ ಕಂಪ್ಯೂಟರಿನಲ್ಲಿ ಮುಖಗಳ ಚಿತ್ರ ತೋರಿಸಿ, ಇವರಿಗೆ ಸಿಟ್ಟೋ ಸಂತೋಷವೋ ಎಂದು ಕೇಳುತ್ತಾರಂತೆ. ಗೊಂಬೆ ಇಟ್ಟು ಕಥೆ ಕಟ್ಟಿಸುತ್ತಾರಂತೆ. ಸೆಪ್ಟೆಂಬರ್ ಒಂದಕ್ಕೆ ಕರೆದಿದ್ದಾರೆ.

ನಿನ್ನ,
ಸುಷ್ಮಾ


ತೀರ್ಥಹಳ್ಳಿ
20 ಆಗಸ್ಟ್ 2024

ಸುಷ್ಮಾ,

ಬರುತ್ತೇವೆ. ರಕ್ಷಾಳ ಸರದಿ ಬೆಳಿಗ್ಗೆಗೇ ಇರಲಿ ಎಂದು ಹೇಳು, ಮಧ್ಯಾಹ್ನ ಹೊಸನಗರದ ಮೇಲೆ ಬರುವ ಬಸ್ಸು ಹಿಡಿಯಬೇಕು. ಅವಳು ಚೆನ್ನಾಗಿ ತಯಾರಾಗಿದ್ದಾಳೆ.

ಅತ್ತೆಗೆ ನಿಜ ಹೇಳು.

ಅಕ್ಕ


ಕಾರ್ಗಲ್
10 ಸೆಪ್ಟೆಂಬರ್ 2024

ಪ್ರೀತಿಯ ಅಕ್ಕ,

ನೀವಿಬ್ಬರೂ ಬಸ್ಸು ಹತ್ತಿದ ಮೇಲೆ ಆದದ್ದನ್ನು ಬರೆಯುತ್ತೇನೆ. ಎರಡು ಸಲ ಬರೆದು ಹರಿದೆ.

ತಲೆ ತೊಳೆಸಿ ಕರೆತನ್ನಿ, ಎಣ್ಣೆ ಮಾತ್ರ ಹಾಕಬೇಡಿ, ಎಣ್ಣೆ ಇದ್ದರೆ ಆ ಟೋಪಿ ಕೆಲಸ ಮಾಡುವುದಿಲ್ಲ ಎಂದು ಅವರು ಫೋನಿನಲ್ಲಿ ಹೇಳಿದ್ದರು. ತೊಳೆಸಿಯೂ ಇದ್ದೆ. ಅಂದು ಬೆಳಿಗ್ಗೆ ಮನೆಯಿಂದ ಹೊರಡುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಒಣ ತಲೇಲಿ ಮಗೂನ ಹೊರಡಿಸ್ತಾರೇನೇ, ಸೂತಕದ ಮನೆಯೋರ ಹಂಗೆ?" ಎಂದು ಅಂಗೈ ತುಂಬ ಕೊಬ್ಬರಿ ಎಣ್ಣೆ ತಂದು ಅವನ ನೆತ್ತಿಗೆ ತಟ್ಟಿಬಿಟ್ಟರು. ನಾನು ತಡೆಯಬಹುದಿತ್ತು. ಅವರಿಗೆ ಮುಚ್ಚಿಟ್ಟಿರುವ ಮಾತೊಂದು ಇರುವಾಗ ಇನ್ನೊಂದಕ್ಕೆ ಎದುರಾಡಲು ಬಾಯಿ ಬರಲಿಲ್ಲ. ಒಳ್ಳೆಯದಕ್ಕೆ ಹೊರಟ ಮಗು ಎಣ್ಣೆ ಹಾಕಿದ ತಲೆಯಲ್ಲೇ ಹೋಗಲಿ ಎಂದು ನನಗೂ ಒಳಗೊಳಗೆ ಅನ್ನಿಸಿತೋ ಏನೋ. ಬಸ್ಸಿನಲ್ಲಿ ಸೆರಗಿನಿಂದ ಒರೆಸಿದರೆ ಸಾಕು ಅಂದುಕೊಂಡೆ.

ಸಾಕಾಗಲಿಲ್ಲ. ಕೆನ್ನೆಯೊಳಗಿಂದ ಎಂಜಲು ತೆಗೆದದ್ದು ಸಲೀಸಾಗಿ ಆಯಿತು. ಟೋಪಿಗೆ ಬಂದಾಗ ಗಣೇಶಮೂರ್ತಿ ಅವನ ಕೂದಲು ಮುಟ್ಟಿ, "ಬಿಡಿ ಮೇಡಂ, ಇನ್ನೊಂದು ದಿನ ನೋಡೋಣ" ಎಂದರು. ನಾನೇ ಒಪ್ಪಲಿಲ್ಲ. ಇಲ್ಲೇ ತೊಳೆಯುತ್ತೇನೆ, ಶಾಂಪೂ ಕೊಡಿ ಎಂದೆ. ತಲೆಗೆ ನೀರು ಬಿದ್ದರೆ ಅವನು ಹೇಗಾಗುತ್ತಾನೆ ಎಂದು ನಿನಗೆ ಗೊತ್ತು. ಆ ಬಚ್ಚಲಲ್ಲಿ ನಾನು ಹಿಡಿದುಕೊಂಡೆ, ಇವರು ನೀರು ಹೊಯ್ದರು. ರಸ್ತೆಯವರೆಗೂ ಕೇಳಿಸಿರಬೇಕು.

ತಲೆ ಒರೆಸಿ ಕರೆತಂದು ಕೂರಿಸಿದೆ. ಗಣೇಶಮೂರ್ತಿ ನೆಲದ ಮೇಲೆ ಕೂತು ಅವನ ಮುಂದೆ ಎರಡು ಚಿತ್ರ ಇಟ್ಟರು. ಒಂದರಲ್ಲಿ ಬುಗುರಿ, ಇನ್ನೊಂದರಲ್ಲಿ ಬಾಗಿಲು. "ಸಚಿನ್, ಆಟ ಆಡೋಣ್ವಾ, ಮನೆಗೆ ಹೋಗ್ತೀಯಾ?" ಎಂದು ಕೇಳಿ ಸುಮ್ಮನೆ ಕೂತರು. ಅವಸರವಿಲ್ಲ. ಮತ್ತೆ ಕೇಳಲೂ ಇಲ್ಲ. ಅಷ್ಟು ಹೊತ್ತು ಒಬ್ಬರು ಸುಮ್ಮನೆ ಕೂರುವುದನ್ನು ನಾನು ನೋಡಿರಲಿಲ್ಲ. ಇವನು ಎಲ್ಲೆಲ್ಲೋ ನೋಡಿದ, ಕೈ ಬೀಸಿದ, ಕೊನೆಗೆ ಬಾಗಿಲಿನ ಮೇಲೆ ಅಂಗೈ ಇಟ್ಟ.

"ಸರಿ ಸಚಿನ್, ಮನೆಗೆ" ಎಂದು ಅವರು ಯಂತ್ರ ಆರಿಸಿಬಿಟ್ಟರು.

ನನಗೆ ಸಿಟ್ಟು ಬಂತು. "ಅಷ್ಟು ದೂರದಿಂದ ಬಂದಿದೀವಿ ಸಾರ್. ಅವನಿಗೇನು ಗೊತ್ತಾಗತ್ತೆ?"

"ಗೊತ್ತಾಗಿದೆಯಲ್ಲ ಮೇಡಂ. ಹೇಳಿದ್ನಲ್ಲ."

"ನಾವು ಸಹಿ ಹಾಕಿದೀವಿ."

"ನೀವು ಹಾಕಿದೀರಿ" ಎಂದರು. ಅಷ್ಟೇ.

ತಾಳಗುಪ್ಪ ಬಂದರೂ ಸಿಟ್ಟು ಇಳಿಯಲಿಲ್ಲ. ಯಾರ ಮೇಲೆ ಸಿಟ್ಟು ಎಂದು ತಿಳಿಯಲಿಲ್ಲ. ಎಣ್ಣೆಯ ಮೇಲೋ, ಅತ್ತೆಯ ಮೇಲೋ, ಒಂದು ಚಿತ್ರ ಮುಟ್ಟಿದ್ದಕ್ಕೆ ಎಲ್ಲವನ್ನೂ ನಿಲ್ಲಿಸಿಬಿಟ್ಟ ಆ ಮನುಷ್ಯನ ಮೇಲೋ. ಅವನ ಬೇಡ ಎಂಬುದನ್ನು ಅರ್ಧ ಗಂಟೆ ಮೊದಲು ಬಚ್ಚಲಿನಲ್ಲಿ ನಾನೂ ಕೇಳಿಸಿಕೊಂಡಿದ್ದೆ, ಅಕ್ಕ. ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಬಸ್ಸಿನಲ್ಲಿ ಅವನು ಒದ್ದೆ ತಲೆಯನ್ನು ನನ್ನ ತೊಡೆಯ ಮೇಲಿಟ್ಟು ನಿದ್ದೆ ಹೋದ. ಬಸ್ಸಿನಲ್ಲಿ ಎಂದೂ ಮಲಗಿದವನಲ್ಲ.

ಸುಷ್ಮಾ


ತೀರ್ಥಹಳ್ಳಿ
29 ಸೆಪ್ಟೆಂಬರ್ 2024

ಸುಷ್ಮಾ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಬಾರದಿತ್ತು.

ನನ್ನದನ್ನೂ ಕೇಳು. ನೀನು ಬರೆದ ಮುಖಗಳ ಆಟವನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಆಗಸ್ಟ್ ಪೂರ್ತಿ ರಕ್ಷಾಳಿಗೆ ಅಭ್ಯಾಸ ಮಾಡಿಸಿದ್ದೆ. ಮೇಷ್ಟರ ಬುದ್ಧಿ. ಯಾರಾದರೂ ಪ್ರಶ್ನೆ ಕೇಳುತ್ತಾರೆ ಎಂದರೆ ಉತ್ತರ ಬಾಯಿಪಾಠವಾಗಿರಬೇಕು. ಹೊಸನಗರ ದಾಟಿದ ಮೇಲೆ ಅವಳೇ ಬಾಯಿಬಿಟ್ಟಳು.

"ಅಮ್ಮಾ, ನಾನು ಎಲ್ಲಾ ಕರೆಕ್ಟ್ ಹೇಳ್ದೆ. ಆ ಅಂಕಲ್, ಈ ಆಟ ಮೊದ್ಲೇ ಆಡಿದೀಯಾ ಪುಟ್ಟಿ ಅಂದ್ರು. ಹೂಂ, ಅಮ್ಮ ದಿನಾ ಆಡಿಸ್ತಾರೆ ಅಂದೆ. ಅವ್ರು ತುಂಬಾ ನಗಾಡಿದ್ರು."

ಮೊನ್ನೆ ಗಣೇಶಮೂರ್ತಿ ನನಗೇ ಫೋನ್ ಮಾಡಿದರು. ಆ ಒಂದು ಭಾಗವನ್ನು ಬಿಟ್ಟುಬಿಡುತ್ತಾರಂತೆ, ಉಳಿದದ್ದು ಸಾಕಂತೆ. "ಪರೀಕ್ಷೆ ಅಲ್ಲ ಅಂತ ನಾನು ಇನ್ನೂ ಬಿಡಿಸಿ ಹೇಳಬೇಕಿತ್ತು ಮೇಡಂ" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಇಪ್ಪತ್ತು ವರ್ಷದಿಂದ ಪರೀಕ್ಷಾ ಕೊಠಡಿಯಲ್ಲಿ ನಕಲು ಹಿಡಿಯುವವಳಿಗೆ ಇದು ಆಗಬೇಕಾದ್ದೇ.

ರಕ್ಷಾ ಇನ್ನೊಂದು ಕೇಳಿದಳು. "ಹೋಲಿಕೆ ಅಂದ್ರೆ ಎಂತ? ನಾನು ಸರಿ, ಸಚಿನ್ ತಪ್ಪು ಅಂತನಾ?" ತರಗತಿಯಲ್ಲಿ ಉಪಮೆಯ ಪಾಠ ಮಾಡುವವಳು ನಾನು. ಮುಖ ಮತ್ತು ಚಂದ್ರ ಎರಡೂ ಇದ್ದರೆ ತಾನೆ ಹೋಲಿಕೆ, ಒಂದು ಇನ್ನೊಂದರ ತಪ್ಪಲ್ಲ ಎಂದು ಹೇಳಬಹುದಿತ್ತು. ಕಿಟಕಿ ಮುಚ್ಚು, ಗಾಳಿ ಬರುತ್ತೆ ಎಂದೆ.

ಅವಳಿಗೂ ಆ ಎರಡು ಚಿತ್ರ ತೋರಿಸಿದ್ದರಂತೆ. ಬುಗುರಿ ಮುಟ್ಟಿದೆ ಎಂದಳು. ಆಟ ಆಡಲು ಇಷ್ಟವಿತ್ತಾ ಎಂದು ಕೇಳಿದೆ. "ನೀನು ಹೊರಗೆ ಕೂತಿದ್ಯಲ್ಲ ಅಮ್ಮಾ, ಅದಕ್ಕೆ ಮುಟ್ಟಿದೆ" ಎಂದಳು. ಅಂದಿನಿಂದ ಈ ಮಾತು ನನ್ನ ಹಿಂದೆಯೇ ಓಡಾಡುತ್ತಿದೆ.

ಅಕ್ಕ


ಕಾರ್ಗಲ್
24 ನವೆಂಬರ್ 2024

ಪ್ರೀತಿಯ ಅಕ್ಕ,

ಬಹಳ ದಿನ ಬರೆಯಲಿಲ್ಲ. ಬರೆಯಲು ಕೂತರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು.

ಆ ಎರಡು ಚಿತ್ರಗಳ ಹಾಗೆಯೇ ಮನೆಯಲ್ಲೂ ಮಾಡಿಕೊಂಡೆ. ಮದುವೆ ಕಾಗದದ ದಪ್ಪ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಮೊದಲು ಅವನು ತಿರುಗಿಯೂ ನೋಡಲಿಲ್ಲ. ಈಗ ಬಾಗಿಲಿನ ಚಿತ್ರವನ್ನು ಚಡ್ಡಿ ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೆ. ಪಕ್ಕದ ಕ್ವಾರ್ಟರ್ಸ್‌ನ ಕನ್ನಪ್ಪನವರು ಪೇಪರ್ ಓದಲು ಬಂದರೆ ಏಳುವವರಲ್ಲ. ಮೊನ್ನೆ ಕಾಫಿ ಲೋಟ ಅರ್ಧವಿರುವಾಗಲೇ ಇವನು ಚಿತ್ರ ತಂದು ಅವರ ಪೇಪರಿನ ಮೇಲಿಟ್ಟ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮನೇಲಿ ನೇರ ಮಾತಾಡೋನು ಇವನೊಬ್ನೇ ಕಣಮ್ಮ" ಎಂದು ನಗುತ್ತ ಎದ್ದು ಹೋದರು.

ಮತ್ತೆ ಸಾಗರಕ್ಕೆ ಹೋಗಿದ್ದೆವು. ಈ ಸಲ ಅತ್ತೆ ಎಣ್ಣೆ ಹಾಕಲಿಲ್ಲ. ಒಣ ತಲೆ ಊರವರಿಗೆ ಕಾಣಬಾರದೆಂದು ಉಣ್ಣೆ ಟೋಪಿ ಹಾಕಿ ಕಳಿಸಿದರು. ಇವನು ಬುಗುರಿ ಮುಟ್ಟಿದ. ಬಲೆಯ ಟೋಪಿ ಹಾಕಿಸಿಕೊಂಡು ಒಂದಷ್ಟು ಹೊತ್ತು ಪರದೆಯ ಮೇಲಿನ ಮೀನು ನೋಡಿದ. ಆಮೇಲೆ ಜೇಬಿನಿಂದ ತನ್ನದೇ ಬಾಗಿಲು ತೆಗೆದು ತೋರಿಸಿದ. "ಇಷ್ಟು ಸಾಕು, ಬೇಕಾದಷ್ಟು ಸಿಕ್ತು" ಎಂದರು ಗಣೇಶಮೂರ್ತಿ. ಎಷ್ಟು ಸಿಕ್ಕಿತು, ಏನು ಸಿಕ್ಕಿತು, ನನಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಮತ್ತೆ ಕರೆಯುತ್ತಾರಂತೆ.

ಅತ್ತೆ ದಿನಾ ಕೇಳುತ್ತಾರೆ, "ಬೆಂಗಳೂರಿಂದ ಬಂತೇನೇ?" ಶಿವಮೊಗ್ಗದ ಡಾಕ್ಟರ ಚೀಟಿ ಬೀರುವಿನಲ್ಲಿದೆ. ಹೋಗಬಹುದು. ಇವರೂ ರಜೆ ಹಾಕುತ್ತೇನೆ ಎನ್ನುತ್ತಾರೆ. ಪ್ರತಿ ತಿಂಗಳೂ ಆ ಡಾಕ್ಟರು ಬರುವ ದಿನ ಬಂದು ಹೋಗುತ್ತದೆ.

ಒಂದು ಯೋಚನೆ ನನ್ನನ್ನು ಬಿಡುತ್ತಿಲ್ಲ. ಅದನ್ನು ನಿನಗಲ್ಲದೆ ಯಾರಿಗೆ ಬರೆಯಲಿ? ಇವನಂಥವನು ಇನ್ನೊಬ್ಬ ಹುಟ್ಟಬಾರದು ಎಂದು ತಿಳಿದುಕೊಳ್ಳಲು ಇವನ ಎಂಜಲನ್ನೇ ಕೊಟ್ಟು ಬಂದೆನೇ? ಅವನು ನಂಬಿ ಬಾಯಿ ತೆರೆದಿದ್ದ, ಅಕ್ಕ. ಎಂದೂ ಯಾರಿಗೂ ತೆರೆಯದವನು. ಇನ್ನೊಮ್ಮೆ ಯೋಚಿಸಿದರೆ, ಹಾಗಲ್ಲ, ಅವನ ಕಷ್ಟ ಇನ್ನೊಂದು ಮಗುವಿಗೆ ಬೇಡ ಎನ್ನುವುದು ಬೇರೆ, ಅವನೇ ಬೇಡ ಎನ್ನುವುದು ಬೇರೆ ಎನ್ನಿಸುತ್ತದೆ. ಬೆಳಿಗ್ಗೆ ಹಾಗೆ, ಸಂಜೆ ಹೀಗೆ.

ಸುಷ್ಮಾ


ತೀರ್ಥಹಳ್ಳಿ
15 ಡಿಸೆಂಬರ್ 2024

ಸುಷ್ಮಾ,

ನಿನ್ನ ಆ ಎರಡು ಮಾತುಗಳಲ್ಲಿ ಯಾವುದು ನಿಜ ಎಂದು ನಾನೂ ಬೆಳಿಗ್ಗೆ ಹಾಗೆ, ಸಂಜೆ ಹೀಗೆ ಯೋಚಿಸುತ್ತಿದ್ದೇನೆ. ಮೊದಲಾದರೆ ಏನಾದರೂ ಬುದ್ಧಿಮಾತು ಬರೆಯುತ್ತಿದ್ದೆ.

ಜನವರಿಯಲ್ಲಿ ರಕ್ಷಾಳ ಹುಟ್ಟುಹಬ್ಬ. ನಾನು ನಿಮ್ಮನ್ನು ಕರೆಯಲು ಹೊರಟರೆ ಅವಳು ತಡೆದಳು. "ಚಿಕ್ಕಿಗೆ ಹೇಳ್ಬೇಡ, ಸಚಿನ್‌ಗೆ ಕೇಳು" ಎಂದು ತಾನೇ ಒಂದು ಚಿತ್ರ ಬರೆದಿದ್ದಾಳೆ. ಇದರ ಜೊತೆ ಇಟ್ಟಿದ್ದೇನೆ. ನಮ್ಮ ಮನೆಯ ಬಾಗಿಲು, ನೀಲಿ ಬಣ್ಣದ್ದು, ತೆರೆದದ್ದು. ಅವನು ಮುಟ್ಟಿದರೆ ಬನ್ನಿ. ಮುಟ್ಟದಿದ್ದರೆ ನಾವೇ ಬರುತ್ತೇವೆ, ಅವನು ಎಬ್ಬಿಸುವವರೆಗೆ ಕೂತಿದ್ದು ಹೋಗುತ್ತೇವೆ.

ಬಂದರೆ, ಈ ಸಲ ಒಳಕೋಣೆಗೆ ಬೀಗ ಹಾಕಿರುತ್ತೇನೆ.

ಅಕ್ಕ


ಕಾರ್ಗಲ್
5 ಜನವರಿ 2025

ಪ್ರೀತಿಯ ಅಕ್ಕ,

ನೀಲಿ ಬಾಗಿಲನ್ನು ಗೋಡೆಗೆ ಅಂಟಿಸಿದ್ದೇನೆ. ಅವನು ಎರಡು ಸಲ ಮೂಸಿ ನೋಡಿದ. ಮುಟ್ಟಿಲ್ಲ ಇನ್ನೂ. ಕಾಯುತ್ತಿದ್ದೇನೆ.

ನಿನ್ನೆಯದನ್ನು ಬರೆಯಬೇಕು. ಹೊಸನಗರದಿಂದ ಅತ್ತೆಯ ಅಕ್ಕ ಕೆರಿಯಮ್ಮ ಬಂದಿದ್ದರು. ಊಟವಾಗಿ ಎಲೆ ಅಡಿಕೆಗೆ ಕೂತಾಗ ಶುರು ಮಾಡಿದರು.

"ಎಂತ ಸುಷ್ಮಾ, ಸಾಗರದಾಗೆ ಪರೀಕ್ಷೆ ಮಾಡ್ಸಿದ್ರಂತೆ. ಇನ್ನೊಂದು ಮಾಡ್ಕಬೌದು ಅಂದ್ರಾ?"

"ಇನ್ನೂ ಬಂದಿಲ್ಲ" ಎಂದರು ಅತ್ತೆ. "ಬೆಂಗಳೂರಿಂದ ಬರ್ಬೇಕಲ್ಲ. ಬಂದ ಕೂಡ್ಲೆ ನೋಡಾಣ."

"ಬರಲ್ಲ ಅತ್ತೆ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನಮ್ಮದು ಅಂತ ಉತ್ತರ ಯಾವತ್ತೂ ಬರಲ್ಲ. ಮೊದಲ ದಿನವೇ ಹೇಳಿದ್ರು."

ಅತ್ತೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಎಲೆಯ ಮೇಲೆ ಹಾಗೆಯೇ ಹಿಡಿದರು. ಇವರು ಬೂಟು ಹುಡುಕುವವರಂತೆ ನೆಲ ನೋಡಿದರು. ಆಮೇಲೆ, ನಾನು ನಿರೀಕ್ಷಿಸಿರಲಿಲ್ಲ, "ನಂಗೂ ಗೊತ್ತಿತ್ತಮ್ಮ" ಎಂದರು.

"ಹಂಗಾದ್ರೆ ಎಂತಕ್ಕೆ ಹೋದ್ರಿ?" ಕೆರಿಯಮ್ಮ ಕೇಳಿದರು. "ಇನ್ನೊಂದು ಬೇಕಾ ಬ್ಯಾಡ್ವಾ ಮತ್ತೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಸಚಿನ್ ಮೂಲೆಯಲ್ಲಿ ಗೋಡೆಗೆ ಕಿವಿಯಿಟ್ಟು ಕೂತಿದ್ದ. ಎದ್ದು ಬಂದ. ಜೇಬಿನ ಚಿತ್ರವನ್ನು ಕೆರಿಯಮ್ಮನಿಗೆ ಕೊಡುತ್ತಾನೆ ಎಂದು ನನಗೆ ಒಳಗೊಳಗೆ ಖುಷಿಯಾಯಿತು. ಅವರನ್ನು ದಾಟಿದ. ಅತ್ತೆಯನ್ನೂ ದಾಟಿದ. ಜೇಬಿನಿಂದ ಬಾಗಿಲಿನ ಚಿತ್ರ ತೆಗೆದು ನನ್ನ ಕೈಯಲ್ಲಿಟ್ಟ.

ಅವನಿಗೆ ಹೊರಗೆ ಹೋಗಬೇಕೇನೋ ಎಂದು ಎದ್ದೆ. ನನ್ನ ಬೆನ್ನ ಹಿಂದೆಯೇ ಬಂದ. ನಾನು ಹೊಸ್ತಿಲು ದಾಟಿದೆ, ಅವನು ದಾಟಲಿಲ್ಲ. ಒಳಗಿಂದ ಬಾಗಿಲು ಎಳೆದುಕೊಂಡು ತನ್ನ ಮೂಲೆಗೆ ಹೋದ.

ಮೆಟ್ಟಿಲ ಮೇಲೆ ಕೂತೆ. ಸ್ವಿಚ್‌ಯಾರ್ಡಿನ ಕರೆಂಟು ತಂತಿಗಳು ಗುಂಯ್ ಎನ್ನುವ ಸದ್ದು, ಅವನು ಗೋಡೆಗೆ ಕಿವಿಯಿಟ್ಟು ಕೇಳುವ ಸದ್ದು, ಹೊರಗೆ ಇನ್ನೂ ಚೆನ್ನಾಗಿ ಕೇಳುತ್ತಿತ್ತು. ಅವನು ನನ್ನನ್ನು ಆ ಮಾತಿನಿಂದ ಬಿಡಿಸಿದನೋ, ಇಲ್ಲ ನನ್ನ ದನಿ ಜೋರಾಯಿತೆಂದು ಹೊರಗೆ ಹಾಕಿದನೋ ಗೊತ್ತಿಲ್ಲ. ಕೇಳಿದರೆ ಹೇಳುವವನಲ್ಲ.

ಆದರೆ ಅಲ್ಲಿ ಕೂತಾಗ ಒಂದು ಹೊಳೆಯಿತು. ಎರಡನೆಯದು ಬೇಕು ಎಂದು ಅತ್ತೆ ಹೇಳಿದ್ದಾರೆ. ಇವರು ಹೇಳದೆಯೇ ಹೇಳಿದ್ದಾರೆ. ನಾನು ಎಂಜಲಿನ ಕೊಳವೆಯನ್ನು ಕೇಳಿದೆ, ಬೀರುವಿನಲ್ಲಿರುವ ಚೀಟಿಯನ್ನು ಕೇಳಿದೆ. ನನ್ನ ಮುಂದೆ ಎರಡು ಚಿತ್ರ ಇಟ್ಟು, ಯಾವುದನ್ನು ಮುಟ್ಟಿದರೂ ಸರಿ ಎಂದು ಸುಮ್ಮನೆ ಕೂತವರು ಯಾರೂ ಇಲ್ಲ. ಉತ್ತರ ಏನೆಂದು ನನಗೆ ಈಗಲೂ ಗೊತ್ತಿಲ್ಲ. ಗೊತ್ತಿದೆಯೋ ಇಲ್ಲವೋ ಎಂಬುದೂ ಗೊತ್ತಿಲ್ಲ.

ನೀನು ಕೇಳುತ್ತೀಯಾ, ಅಕ್ಕ? ಒಂದೇ ಸಲ ಕೇಳು. ಆಮೇಲೆ ಏನೂ ಹೇಳಬೇಡ. ಆ ಹರಿದ ಕಾಲುಚೀಲದ ಮನುಷ್ಯ ಕೂತ ಹಾಗೆ ಕೂತಿರು.

ನಿನ್ನ,
ಸುಷ್ಮಾ


ತೀರ್ಥಹಳ್ಳಿ
9 ಜನವರಿ 2025

ಸುಷ್ಮಾ,

ನಿನಗೆ ಬೇಕಾ, ಬೇಡವಾ?

ಕೂತಿದ್ದೇನೆ.

ಅಕ್ಕ